ಕರವಸ್ತ್ರ ಕಾಯುವ ಕುರ್ಚಿ

ಮನುಷ್ಯನ ಸಂಸ್ಕಾರವನ್ನು ಅರಿಯಲು ಸಭೆ ಸಮಾರಂಭಗಳಿಗೆ ಹೋಗಬೇಕಾಗಿಲ್ಲ. ಹಸಿದ ಹೊತ್ತಿನಲ್ಲಿ, ಅನ್ನದ ಎದುರಿಗೆ, ಅಪರಿಚಿತರ ನಡುವೆ ಅವನು ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ನೋಡಿದರೆ ಸಾಕು. ಮನೆಯಲ್ಲಿ ಬಡಿಸುವವರು ತಾಯಿಯೋ ಮಡದಿಯೋ ಆಗಿರುತ್ತಾರೆ. ಅಲ್ಲಿ ನಮ್ಮ ಪಾಲು ನಮಗೆ ಸಿಕ್ಕೇ ಸಿಗುತ್ತದೆಂಬ ನೆಮ್ಮದಿಯಿರುತ್ತದೆ. ಆ ನೆಮ್ಮದಿ ಇಲ್ಲದ ಕಡೆಯಲ್ಲಿಯೇ ಮನಸ್ಸಿನ ನಿಜವಾದ ಬಣ್ಣ ಹೊರಬೀಳುವುದು. ಇಂದಿನ ದಿನಗಳಲ್ಲಿ ಅಂಥ ಸ್ಥಳಗಳಲ್ಲೊಂದು, ಸ್ವಸಹಾಯ ಪದ್ಧತಿಯ ಉಪಾಹಾರ ಮಂದಿರ.

ಭಾನುವಾರ ಬೆಳಗಿನ ಒಂಬತ್ತು ಗಂಟೆಯ ವೇಳೆಗೆ ನಮ್ಮ ಯಾವುದೇ ನಗರದ ಇಂಥ ಹೋಟೆಲಿಗೆ ಹೋಗಿ ನೋಡಿರಿ. ಐದು ಜನರ ಒಂದು ಸಂಸಾರ ಒಳಗೆ ಬರುತ್ತದೆ. ಯಜಮಾನರು ಗಲ್ಲೆಯ ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಉಳಿದವರು ಸೈನ್ಯದಂತೆ ನಾಲ್ಕು ದಿಕ್ಕಿಗೆ ಹರಡುತ್ತಾರೆ. ಒಂದು ಕುರ್ಚಿಯ ಮೇಲೆ ಕೈಚೀಲ, ಇನ್ನೊಂದರ ಮೇಲೆ ಹೆಲ್ಮೆಟ್ಟು, ಮೇಜಿನ ಮೇಲೆ ನೀರಿನ ಬಾಟಲಿ, ಕೊನೆಯ ಕುರ್ಚಿಗೆ ಒಂದು ಕರವಸ್ತ್ರ. ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ನಮ್ಮ ಹಳೆಯ ವಿದ್ಯೆಯೇ ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ. ಇತ್ತ ಟೋಕನ್ನಿನ ಸಾಲು ಇನ್ನೂ ಉದ್ದವಾಗಿದೆ; ದೋಸೆ ಕಾವಲಿಯ ಮೇಲೂ ಬಿದ್ದಿಲ್ಲ. ಅತ್ತ ಬಿಸಿ ಸಾಂಬಾರು ತುಂಬಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ ಒಬ್ಬರು, ಖಾಲಿಯಾಗಿದ್ದರೂ ಖಾಲಿಯಲ್ಲದ ಆ ಐದು ಕುರ್ಚಿಗಳನ್ನು ನೋಡುತ್ತ ನಿಂತಿದ್ದಾರೆ.

ಇದು ಸರಿಯೇ? 'ಇಷ್ಟು ಸಣ್ಣ ವಿಷಯಕ್ಕೆ ಲೇಖನವೇಕೆ' ಎಂದು ಓದುಗರಲ್ಲಿ ಕೆಲವರಿಗೆ ತೋರಬಹುದು. ಆದರೆ ಸಾರ್ವಜನಿಕ ಬಾಳಿನ ನೀತಿಯೆಲ್ಲವೂ ಇಂಥ ಸಣ್ಣ ವಿಷಯಗಳಲ್ಲಿಯೇ ಹುಟ್ಟುತ್ತದೆ, ಇಲ್ಲವೆ ಸಾಯುತ್ತದೆ. ಎಲ್ಲರಿಗೂ ಸೇರಿದ ಒಂದು ಸ್ಥಳ ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ನನ್ನದಾಗುತ್ತದೆ ಎಂಬ ಪ್ರಶ್ನೆ ಈ ಕುರ್ಚಿಯ ಕೆಳಗೆ ಅಡಗಿದೆ. ಆದುದರಿಂದ ಇದನ್ನು ಸಾವಧಾನವಾಗಿ ವಿಚಾರಿಸುವುದು ಉಚಿತ.

ಪಂಕ್ತಿಯಿಂದ ದರ್ಶಿನಿಗೆ

ನಮ್ಮ ನಾಡಿನಲ್ಲಿ ಹಲವರು ಕೂಡಿ ಉಣ್ಣುವುದಕ್ಕೆ ಮೊದಲಿನಿಂದ ಇದ್ದ ಪದ್ಧತಿ ಪಂಕ್ತಿ. ಪಂಕ್ತಿಯಲ್ಲಿ ಉಣ್ಣುವವನು ಕುಳಿತಿರುತ್ತಾನೆ. ಅನ್ನ ಅವನ ಬಳಿಗೆ ನಡೆದು ಬರುತ್ತದೆ. ಮಠದ ದಾಸೋಹದಲ್ಲಿ ಬೆಳೆದ ನಮ್ಮಂಥವರಿಗೆ ಇದು ಉಸಿರಾಟದಷ್ಟು ಸಹಜ. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ವಿದ್ಯಾರ್ಥಿಗಳು ದಿನನಿತ್ಯ ಸಾಲುಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ತಮ್ಮ ದೀರ್ಘಾಯುಷ್ಯವನ್ನೆಲ್ಲ ಈ ದಾಸೋಹಕ್ಕೆ ಸವೆಸಿದುದನ್ನು ನಾಡೇ ಬಲ್ಲದು. ಅಂಥ ಪಂಕ್ತಿಯಲ್ಲಿ ಜಾಗ ಹಿಡಿಯುವ ಪ್ರಶ್ನೆಯೇ ಏಳುವುದಿಲ್ಲ. ಬಂದವನು ಸಾಲಿನಲ್ಲಿ ಮುಂದಿನ ಸ್ಥಾನಕ್ಕೆ ಕುಳಿತುಕೊಳ್ಳುತ್ತಾನೆ. ಸಾಲು ಒಟ್ಟಿಗೆ ಉಣ್ಣುತ್ತದೆ, ಒಟ್ಟಿಗೆ ಏಳುತ್ತದೆ. ಯಾರ ಪಕ್ಕದಲ್ಲಿ ಯಾರು ಎಂಬುದನ್ನು ಸಾಲು ನಿರ್ಣಯಿಸುತ್ತದೆಯೇ ಹೊರತು ಕುಳಿತವರಲ್ಲ.

ಆಮೇಲೆ ಬಂದದ್ದು ಖಾನಾವಳಿ ಮತ್ತು ಹೋಟೆಲು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯ ಖಾನಾವಳಿಗಳಲ್ಲಿ ಉಂಡವರಿಗೆ ಅಲ್ಲಿನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳ ಜೊತೆಗೆ ಅಲ್ಲಿನ ಆದರವೂ ನೆನಪಿರುತ್ತದೆ. 'ಬರ್ರಿ, ಇಲ್ಲೇ ಕುಂದರ್ರಿ' ಎಂದು ಬಡಿಸುವವರೇ ಸ್ಥಳ ತೋರಿಸುತ್ತಾರೆ. ದಕ್ಷಿಣದ ಹೋಟೆಲುಗಳಲ್ಲಿ ಗಿರಾಕಿ ಕುಳಿತ ಮೇಲೆ ಮಾಣಿ ಬಂದು ಏನೇನಿದೆ ಎಂಬುದನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಇಲ್ಲಿಯೂ ಕ್ರಮ ಪಂಕ್ತಿಯದೇ: ಮೊದಲು ಆಸನ, ಆಮೇಲೆ ಆಹಾರ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂ.ಟಿ.ಆರ್., ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನಗಳಲ್ಲಿ ಜನಸಂದಣಿ ಹೆಚ್ಚಿದಾಗ ಹೆಸರು ಬರೆದುಕೊಂಡು ಸರದಿಯಂತೆ ಕರೆಯುವ ಪದ್ಧತಿಯುಂಟು. ಅಲ್ಲಿ ಕಾಯುವುದು ಬಾಗಿಲ ಬಳಿಯಲ್ಲಿ. ಕುರ್ಚಿಯ ಮೇಲೆ ಕುಳಿತವನು ಉಣ್ಣುವವನೇ ಆಗಿರುತ್ತಾನೆ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಕೆಫೆ ದರ್ಶಿನಿ ತೆರೆದಾಗ ಈ ಕ್ರಮವೇ ತಲೆಕೆಳಗಾಯಿತು. ಮೊದಲು ಹಣ ಕೊಟ್ಟು ಟೋಕನ್ನು ಪಡೆಯಬೇಕು. ಆಮೇಲೆ ಅಡುಗೆಯ ಕಟ್ಟೆಯ ಬಳಿಗೆ ತಾನೇ ಹೋಗಿ ತಟ್ಟೆ ತರಬೇಕು. ಎದೆಯೆತ್ತರದ ಮೇಜಿನ ಮುಂದೆ ನಿಂತು ತಿಂದು ಹೊರಡಬೇಕು. ಮಾಣಿಯಿಲ್ಲ, ಕುರ್ಚಿಯಿಲ್ಲ, ಆದುದರಿಂದ ಕಡಿಮೆ ಸ್ಥಳದಲ್ಲಿ ಹೆಚ್ಚು ಜನರಿಗೆ, ಕಡಿಮೆ ಬೆಲೆಗೆ, ಬಿಸಿಬಿಸಿಯಾದ ತಿಂಡಿ. ನೋಡನೋಡುತ್ತಿದ್ದಂತೆ ದರ್ಶಿನಿಯೆಂಬ ಹೆಸರು ಒಂದು ಅಂಗಡಿಯ ಹೆಸರಾಗಿ ಉಳಿಯದೆ ಒಂದು ಪದ್ಧತಿಯ ಹೆಸರೇ ಆಗಿಹೋಯಿತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿಯೂ ಟೋಕನ್ನು ಪಡೆದು, ತಟ್ಟೆ ತಂದು, ನಿಂತು ಉಣ್ಣುವ ಈ ಕ್ರಮವೇ ಕಾಣುತ್ತದೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಂಥ ಕಡೆ ಜನರು ರಸ್ತೆಯ ಬದಿಯಲ್ಲಿಯೇ ನಿಂತು ಇಡ್ಲಿ ತಿನ್ನುತ್ತಾರೆ. ಅಲ್ಲಿ ತಟ್ಟೆ ಹಿಡಿದ ಕೈಯೇ ಮೇಜು.

ದರ್ಶಿನಿ ಕುರ್ಚಿಯನ್ನು ತೆಗೆದುಹಾಕಿದಾಗ ಕುರ್ಚಿಯ ಜಗಳವನ್ನೂ ತೆಗೆದುಹಾಕಿತು. ತೊಡಕು ಹುಟ್ಟಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಸಂಸಾರಸ್ಥರು ಬರಲೆಂದು, ಮುದುಕರಿಗೆ ಅನುಕೂಲವಾಗಲೆಂದು ಮಾಲೀಕರು ಸ್ವಸಹಾಯ ಪದ್ಧತಿಯನ್ನು ಉಳಿಸಿಕೊಂಡೇ ಕುರ್ಚಿಗಳನ್ನು ಹಾಕಿದರು. ದೊಡ್ಡ ಮಳಿಗೆಗಳ ಫುಡ್ ಕೋರ್ಟುಗಳಲ್ಲಿ, ಹೆದ್ದಾರಿಯ ಬದಿಯ ಉಪಾಹಾರ ಗೃಹಗಳಲ್ಲಿ ಇದೇ ಮಿಶ್ರಪದ್ಧತಿ. ಇಲ್ಲಿ ಆಹಾರ ತರುವ ಕ್ರಮ ದರ್ಶಿನಿಯದು. ಕುಳಿತುಕೊಳ್ಳುವವರ ಅಭ್ಯಾಸ ಮಾತ್ರ ಪಂಕ್ತಿಯ ಕಾಲದ್ದು. ಮೊದಲು ಕೂರಬೇಕು, ಆಮೇಲೆ ಉಣ್ಣಬೇಕು ಎಂದು ತಲೆಮಾರುಗಳಿಂದ ಕಲಿತ ಶರೀರ, ಅನ್ನ ತನ್ನ ಬಳಿಗೆ ಬರದ ಕಡೆಯಲ್ಲಿಯೂ ಮೊದಲು ಕುರ್ಚಿಯನ್ನೇ ಹುಡುಕುತ್ತದೆ. ಆದಕಾರಣ ಜಾಗ ಹಿಡಿಯುವವರೆಲ್ಲ ಸ್ವಾರ್ಥಿಗಳೆಂದು ನಾವು ಭಾವಿಸಬೇಕಾಗಿಲ್ಲ. ಪದ್ಧತಿ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ, ಅಷ್ಟೆ.

ಒಂದು ಸರಳ ಲೆಕ್ಕ

'ಜಾಗ ಹಿಡಿಯದಿದ್ದರೆ ಜಾಗವೇ ಸಿಗುವುದಿಲ್ಲ' ಎಂಬುದು ಎಲ್ಲರ ಸಮರ್ಥನೆ. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಶಾಲೆಯ ಹುಡುಗರೂ ಮಾಡಬಹುದಾದ ಒಂದು ಲೆಕ್ಕದಿಂದ ಪರೀಕ್ಷಿಸೋಣ.

ಒಂದು ಹೋಟೆಲಿನಲ್ಲಿ 40 ಕುರ್ಚಿಗಳಿವೆಯೆಂದು ಇಟ್ಟುಕೊಳ್ಳೋಣ. ಅಡುಗೆಮನೆಯಿಂದ ಗಂಟೆಗೆ 96 ತಟ್ಟೆಗಳು ಹೊರಬರುತ್ತವೆ. ಒಬ್ಬರು ತಿಂಡಿ ತಿಂದು ಕಾಫಿ ಕುಡಿದು ಏಳಲು 15 ನಿಮಿಷ ಬೇಕು. ತಟ್ಟೆ ಕೈಗೆ ಬಂದ ಮೇಲೆಯೇ ಎಲ್ಲರೂ ಕುಳಿತುಕೊಳ್ಳುವುದಾದರೆ, 96 ಜನ ತಲಾ 15 ನಿಮಿಷದಂತೆ ಒಟ್ಟು 1,440 ನಿಮಿಷ ಕುರ್ಚಿಗಳನ್ನು ಬಳಸುತ್ತಾರೆ. ಅದನ್ನು 60ರಿಂದ ಭಾಗಿಸಿದರೆ 24. ಎಂದರೆ ಯಾವ ಹೊತ್ತಿಗೆ ನೋಡಿದರೂ ಸುಮಾರು 24 ಕುರ್ಚಿಗಳು ತುಂಬಿದ್ದು, 16 ಕುರ್ಚಿಗಳು ಖಾಲಿಯಿರುತ್ತವೆ. ತಟ್ಟೆ ಹಿಡಿದು ಬಂದವರಿಗೆಲ್ಲ ಸ್ಥಳವುಂಟು.

ಈಗ ಅದೇ ಹೋಟೆಲು, ಅದೇ ಅಡುಗೆಮನೆ, ಅದೇ ಜನ. ಆದರೆ ಪ್ರತಿಯೊಬ್ಬರೂ ತಟ್ಟೆ ಬರುವ 10 ನಿಮಿಷ ಮೊದಲೇ ಒಂದು ಕುರ್ಚಿಯನ್ನು ಹಿಡಿದಿಡುತ್ತಾರೆ. ಆಗ ಒಬ್ಬೊಬ್ಬರಿಗೆ ಒಂದು ಕುರ್ಚಿ 25 ನಿಮಿಷ ಬೇಕಾಯಿತು. 96 ಜನಕ್ಕೆ 2,400 ನಿಮಿಷ. 60ರಿಂದ ಭಾಗಿಸಿದರೆ 40. ಎಲ್ಲ ಕುರ್ಚಿಗಳೂ ತುಂಬಿಹೋದವು. ಇನ್ನು ನಾಲ್ಕು ಜನ ಹೆಚ್ಚಿಗೆ ಬಂದರೂ ಸಾಕು, ತಟ್ಟೆ ಹಿಡಿದು ಅಲೆಯುವವರು ಕಾಣಿಸಿಕೊಳ್ಳುತ್ತಾರೆ.

ಹಾಗಾದರೆ ಆ ಖಾಲಿಯಿದ್ದ 16 ಕುರ್ಚಿಗಳು ಎಲ್ಲಿ ಹೋದವು? ಅವುಗಳ ಮೇಲೆ ಚೀಲಗಳೂ ಹೆಲ್ಮೆಟ್ಟುಗಳೂ ಕುಳಿತು ತಮ್ಮ ಒಡೆಯರ ದಾರಿ ಕಾಯುತ್ತಿವೆ. ಜಾಗದ ಅಭಾವವಿದೆಯೆಂದು ನಾವು ಜಾಗ ಹಿಡಿಯುತ್ತೇವೆ; ನಾವು ಜಾಗ ಹಿಡಿಯುವುದರಿಂದಲೇ ಜಾಗದ ಅಭಾವ ಹುಟ್ಟುತ್ತದೆ. ಇದನ್ನು ಕಂಡ ಮುಂದಿನವರು ಇನ್ನೂ ಮುಂಚಿತವಾಗಿ ಹಿಡಿಯಲು ಕಲಿಯುತ್ತಾರೆ. ಭಯ ಭಯವನ್ನೇ ಹೆರುತ್ತದೆ. ಬರಗಾಲ ಬರುವುದೆಂಬ ಸುದ್ದಿಗೆ ಹೆದರಿ ಎಲ್ಲರೂ ಧಾನ್ಯವನ್ನು ಹಗೇವಿಗೆ ತುಂಬಿಟ್ಟರೆ, ಬೆಳೆ ಬಂದ ವರ್ಷದಲ್ಲಿಯೂ ಸಂತೆಯಲ್ಲಿ ಕಾಳು ಸಿಗದು, ಇದೂ ಹಾಗೆಯೇ.

ವಿಶೇಷ ದಟ್ಟಣೆಯ ವೇಳೆಯಲ್ಲಿ, ಅಡುಗೆಮನೆ ಗಂಟೆಗೆ 96ಕ್ಕೆ ಬದಲಾಗಿ 160 ತಟ್ಟೆ ಕೊಡುವಾಗ, ಯಾರೂ ಹಿಡಿದಿಡದಿದ್ದರೂ 40 ಕುರ್ಚಿಗಳು ತುಂಬುತ್ತವೆ ಎಂಬುದು ಸತ್ಯ. ಆದರೆ ಆಗಲೂ 160 ಜನ ಕುಳಿತು ತಿಂದು ಹೋಗಬಲ್ಲರು. ಎಲ್ಲರೂ ಹಿಡಿದಿಟ್ಟರೆ ಆ 40 ಕುರ್ಚಿಗಳು 96 ಜನರಿಗಷ್ಟೇ ಸಾಲುತ್ತವೆ. ಉಳಿದ 64 ಜನರ ಆಸನವನ್ನು ಚೀಲಗಳು ತಿಂದುಹಾಕಿದವು ಎನ್ನಬೇಕು.

ಮುದುಕರು, ಮಕ್ಕಳು, ಬಾಣಂತಿಯರು

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ, ಎದುರುಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಮನೆಯ ಹೆಂಗಸರು ನಮ್ಮೊಡನೆ ಹೇಳಿಕೊಂಡದ್ದುಂಟು: 'ಅಜ್ಜೀಗೆ ಮಂಡಿನೋವು, ಸಾಲಿನಲ್ಲಿ ನಿಲ್ಲಲಾರರು. ಮಗು ಕಂಕುಳಲ್ಲಿದೆ. ಬಿಸಿ ಕಾಫಿ ಹಿಡಿದುಕೊಂಡು ಮಗುವಿನ ಜೊತೆ ಕುರ್ಚಿ ಹುಡುಕುತ್ತ ತಿರುಗಲಾದೀತೇ, ಗುರುಗಳೇ?' ಈ ಪ್ರಶ್ನೆಗೆ 'ಆಗದು' ಎಂಬುದೊಂದೇ ಉತ್ತರ. ಮುದುಕರು, ಅಶಕ್ತರು, ಗರ್ಭಿಣಿಯರು, ಕೂಸಿನ ತಾಯಂದಿರು ಮೊದಲು ಕುಳಿತುಕೊಳ್ಳಬೇಕು. ಅವರ ತಟ್ಟೆ ಅವರ ಬಳಿಗೆ ಬರಬೇಕು. ಅವರ ಪಾಲಿಗೆ ಪಂಕ್ತಿಯ ಧರ್ಮವೇ ಇಂದಿಗೂ ಸರಿ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅಜ್ಜಿ ಕುಳಿತ ಕುರ್ಚಿ ಅಜ್ಜಿಯದು. ಅಜ್ಜಿಯ ಸುತ್ತಲಿನ ಮೂರು ಕುರ್ಚಿಗಳು, ಇನ್ನೂ ಸಾಲಿನಲ್ಲಿ ನಿಂತಿರುವ ಗಟ್ಟಿಮುಟ್ಟಾದ ಮೊಮ್ಮಕ್ಕಳ ಆಸ್ತಿಯಾಗುವುದು ಹೇಗೆ? ಅಜ್ಜಿಯ ಮಂಡಿನೋವನ್ನು ಮುಂದಿಟ್ಟುಕೊಂಡು ಇಡೀ ಮೇಜನ್ನೇ ವಶಪಡಿಸಿಕೊಳ್ಳುವುದು, ಅಜ್ಜಿಯ ಹೆಸರಿನಲ್ಲಿ ಮೊಮ್ಮಕ್ಕಳು ಪಡೆದ ಸೌಲಭ್ಯವಾಯಿತೇ ಹೊರತು ಅಜ್ಜಿಗೆ ತೋರಿದ ಗೌರವವಾಗಲಿಲ್ಲ. ಆದುದರಿಂದ ಒಂದು ಸುಲಭವಾದ ಮೇರೆಯನ್ನು ಹೀಗೆ ಗುರುತಿಸಬಹುದು: ಕುರ್ಚಿಯನ್ನು ಮನುಷ್ಯ ಕಾಯಲಿ, ವಸ್ತು ಕಾಯಬಾರದು. ಕೂರಬೇಕಾದ ಅಗತ್ಯವಿರುವವರು ಕುಳಿತಿರಲಿ. ಕಾಲು ಗಟ್ಟಿಯಾಗಿರುವವರು ತಟ್ಟೆಯೊಡನೆ ಬರಲಿ.

ಬೆಂಗಳೂರಿನ ಒಂದು ಹೋಟೆಲಿನಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಎಪ್ಪತ್ತೈದು ದಾಟಿದಂತಿದ್ದ ಹಿರಿಯರೊಬ್ಬರು ಬಿಸಿಬೇಳೆಭಾತಿನ ತಟ್ಟೆ ಹಿಡಿದು ಬಂದರು. ಕೈ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮೇಜಿನಲ್ಲಿ ತಾಯಿ ಮತ್ತು ಎಂಟೊಂಬತ್ತು ವರ್ಷದ ಮಗಳು ಕುಳಿತಿದ್ದರು. ಎದುರಿನ ಎರಡು ಕುರ್ಚಿಗಳ ಮೇಲೆ ಎರಡು ಚೀಲಗಳು. ಆ ಬಾಲೆ ಹಿರಿಯರನ್ನು ನೋಡಿದವಳೇ ತಟ್ಟನೆ ಎದ್ದು ಒಂದು ಚೀಲವನ್ನು ಎತ್ತಿಕೊಂಡಳು. ತಾಯಿ ದನಿ ತಗ್ಗಿಸಿ, 'ಅಪ್ಪ ಬರ್ತಾರೆ, ಅಲ್ಲೇ ಇಡು' ಎಂದರು. ಮಗು ಒಂದು ಕ್ಷಣ ತಾಯಿಯ ಮುಖವನ್ನೂ ಹಿರಿಯರ ಮುಖವನ್ನೂ ನೋಡಿ, ಚೀಲವನ್ನು ಮತ್ತೆ ಕುರ್ಚಿಯ ಮೇಲಿಟ್ಟಿತು. ದೂರದಲ್ಲಿದ್ದ ಒಬ್ಬ ತರುಣ ತನ್ನ ಇಡ್ಲಿಯ ತಟ್ಟೆಯೊಡನೆ ಎದ್ದು ನಿಂತು, 'ಬನ್ನಿ ತಾತ, ಇಲ್ಲಿ ಕೂತ್ಕೊಳ್ಳಿ' ಎಂದು ಕರೆದ. ಹಿರಿಯರಿಗೆ ಸ್ಥಳ ಸಿಕ್ಕಿತು.

ಆ ತಾಯಿ ಕೆಟ್ಟವರೆಂದು ನಾವು ಹೇಳುವುದಿಲ್ಲ. ಸಾಲಿನಲ್ಲಿ ದಣಿಯುತ್ತಿದ್ದ ಪತಿಯ ಚಿಂತೆ ಅವರಿಗಿತ್ತು. ಆದರೆ ಆ ಕ್ಷಣದಲ್ಲಿ ನಷ್ಟವಾದದ್ದು ಒಂದು ಕುರ್ಚಿಯಷ್ಟೇ ಅಲ್ಲ. ಯಾರೂ ಕಲಿಸದೆ ಮಗುವಿನಲ್ಲಿ ತಾನಾಗಿ ಮೂಡಿದ್ದ ಒಂದು ಸದ್ಗುಣಕ್ಕೆ 'ಅದು ತಪ್ಪು' ಎಂಬ ಪಾಠ ದೊರೆಯಿತು. ಮಾನವೀಯತೆಯ ಮೇಲೆ ಎಷ್ಟೋ ಪ್ರವಚನಗಳನ್ನು ನಾವು ಏರ್ಪಡಿಸುತ್ತೇವೆ. ಆ ಮಗು ಮುಂದೆ ಎಷ್ಟು ಪ್ರವಚನಗಳನ್ನು ಕೇಳಿದರೂ, ಅದಕ್ಕೆ ಮೊದಲು ನೆನಪಾಗುವುದು ತಾಯಿಯ ಆ ನಾಲ್ಕು ಮಾತುಗಳೇ ಅಲ್ಲವೇ?

ಬೇರೊಂದು ನಾಡಿನ ರೂಢಿ

ಈ ಪ್ರಶ್ನೆ ನಮ್ಮ ನಗರಗಳಿಗೆ ಮಾತ್ರ ಸೇರಿದ್ದಲ್ಲ. ಸಿಂಗಪುರಕ್ಕೆ ಹೋಗಿಬಂದವರು ಅಲ್ಲಿನ ಸಾರ್ವಜನಿಕ ಊಟದ ಕೇಂದ್ರಗಳ ಬಗೆಗೆ ಒಂದು ಸೋಜಿಗವನ್ನು ಹೇಳುತ್ತಾರೆ. ಒಂದೇ ಚಾವಣಿಯ ಕೆಳಗೆ ಹತ್ತಾರು ಸಣ್ಣ ಅಡುಗೆ ಅಂಗಡಿಗಳು. ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಚೀನೀಯರು, ಮಲಯರು, ತಮಿಳರು ಒಂದೇ ಕಡೆ ಕುಳಿತು ಉಣ್ಣುವ ಈ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಜನರು ಮೇಜಿನ ಮೇಲೆ ಒಂದು ಕಾಗದದ ಕರವಸ್ತ್ರದ ಪೊಟ್ಟಣವನ್ನೋ ಕೊಡೆಯನ್ನೋ ಇಟ್ಟು ಆಹಾರ ತರಲು ಹೋಗುತ್ತಾರೆ. ಇದಕ್ಕೆ ಅವರ ಆಡುಮಾತಿನಲ್ಲಿ 'ಚೋಪ್' ಎನ್ನುತ್ತಾರೆ. ಆ ಪೊಟ್ಟಣ ಕಂಡರೆ ಬೇರೆಯವರು ಆ ಸ್ಥಳವನ್ನು ಮುಟ್ಟದಿರುವುದು ರೂಢಿ. ಅದಕ್ಕೆ ಕಾನೂನಿನ ಬಲವಿಲ್ಲ, ಪರಸ್ಪರ ಒಪ್ಪಿಗೆಯ ಬಲ ಮಾತ್ರ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಆ ನಾಡಿನಲ್ಲಿಯೂ ನಿಂತಿಲ್ಲ.

ಗಮನಿಸಬೇಕಾದುದೆಂದರೆ, ಉಂಡ ಮೇಲೆ ತಟ್ಟೆಯನ್ನು ತಾನೇ ಕೊಂಡುಹೋಗಿ ನಿಗದಿಯಾದ ಕಡೆ ಇಡಬೇಕೆಂಬ ನಿಯಮವನ್ನು ಆ ಸರ್ಕಾರ 2021ರ ಸೆಪ್ಟೆಂಬರ್ 1ರಿಂದ ಅಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತಂದಿತು. ಎಂದರೆ, ಕುರ್ಚಿಗೆ ಬರುವ ವಿಷಯವನ್ನು ಜನರ ರೂಢಿಗೆ ಬಿಟ್ಟು, ಕುರ್ಚಿಯಿಂದ ಏಳುವ ವಿಷಯವನ್ನು ಕಾನೂನಿಗೆ ಒಪ್ಪಿಸಿದರು. ನಮ್ಮಲ್ಲಿ ಇವೆರಡನ್ನೂ ರೂಢಿಗೇ ಬಿಡಲಾಗಿದೆ. ಹೀಗಿರುವಾಗ ನಮ್ಮ ರೂಢಿ ಚೆನ್ನಾಗಿರಬೇಕಾದುದು ಇನ್ನೂ ಹೆಚ್ಚು ಅವಶ್ಯಕ. ರೂಢಿಯನ್ನು ಕಟ್ಟುವವರು ನಾವೇ.

ಲಕ್ಕಮ್ಮನ ಅಳತೆ

ನಮ್ಮ ಪರಂಪರೆಯಲ್ಲಿ ಇದಕ್ಕೊಂದು ಅಳತೆಗೋಲು ಇದ್ದೇ ಇದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಓದುಗರಿಗೆ ಹೊಸದೇನಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಮಾರಯ್ಯನವರು ಎಂದಿಗಿಂತ ಹೆಚ್ಚು ಆಯ್ದು ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆಂದು ಕೇಳಿ, ಮಿಕ್ಕಿದ್ದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆಯಲ್ಲಿ ಮಾರಯ್ಯನವರು ಯಾರ ಕೈಯಿಂದಲೂ ಕಿತ್ತುಕೊಂಡಿರಲಿಲ್ಲ. ಅಕ್ಕಿ ನೆಲದ ಮೇಲೆ ಬಿದ್ದಿತ್ತು, ಅದಕ್ಕೆ ಒಡೆಯರಿರಲಿಲ್ಲ. ಖಾಲಿ ಕುರ್ಚಿಗೂ ಒಡೆಯರಿಲ್ಲ. ಒಡೆಯರಿಲ್ಲದ ವಸ್ತುವನ್ನೂ ಈ ಹೊತ್ತಿಗೆ ಬೇಕಾದಷ್ಟೇ ಮುಟ್ಟಬೇಕೆಂಬುದು ಲಕ್ಕಮ್ಮನವರ ಅಳತೆ. ಇನ್ನು ಹತ್ತು ನಿಮಿಷದ ಮೇಲೆ ಬೇಕಾಗಬಹುದಾದ ಕುರ್ಚಿಯನ್ನು ಈಗಲೇ ಹಿಡಿದಿಡುವುದು ಆ ಅಳತೆಯನ್ನು ಮೀರಿದ ಸಂಗ್ರಹ. ಸಂಗ್ರಹವೆಂದರೆ ಹೊನ್ನು, ಮಣ್ಣು, ಧಾನ್ಯಗಳದ್ದು ಮಾತ್ರವೆಂದು ನಾವು ತಿಳಿದಿದ್ದೇವೆ. ಸ್ಥಳದ ಸಂಗ್ರಹವೂ ಉಂಟು, ಸಮಯದ ಸಂಗ್ರಹವೂ ಉಂಟು.

ಇನ್ನೊಂದು ಮಾತು. ನಾಲ್ಕು ಕುರ್ಚಿಯ ಮೇಜನ್ನು ಇಬ್ಬರೇ ಹಿಡಿದು, ಉಳಿದೆರಡರ ಮೇಲೆ ಚೀಲವಿಡುವುದನ್ನು ನಾವು ಕಾಣುತ್ತೇವೆ. ಇದರಲ್ಲಿ ಜಾಗದ ಆಸೆಗಿಂತಲೂ ಅಪರಿಚಿತರ ಜೊತೆ ಕುಳಿತು ತಿನ್ನಲಾರೆವೆಂಬ ಸಂಕೋಚವೇ ಹೆಚ್ಚು. ಒಂದು ಕಾಲದಲ್ಲಿ ಈ ನಾಡಿನ ಹೋಟೆಲುಗಳಲ್ಲಿಯೂ ಜಾತಿ ನೋಡಿ ಬೇರೆ ಬೇರೆ ಕೂರಿಸುವ ಏರ್ಪಾಡಿತ್ತು. ಪಂಕ್ತಿಭೇದವನ್ನು ಅಳಿಸಲು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೋರಾಡಿದರು. ದರ್ಶಿನಿಯ ಮೇಜಿನ ಸುತ್ತ ಇಂದು ಅಧಿಕಾರಿಯೂ ಆಟೋ ಚಾಲಕನೂ ಒಂದೇ ಬಗೆಯ ತಟ್ಟೆ ಹಿಡಿದು, ಯಾರು ಯಾರೆಂದು ಕೇಳದೆ ನಿಂತು ತಿನ್ನುತ್ತಾರೆ. ಯಾವ ಘೋಷಣೆಯೂ ಇಲ್ಲದೆ ನಡೆದ ಸಹಪಂಕ್ತಿ ಇದು. ಇದನ್ನು ಒಂದು ಕೈಚೀಲವನ್ನು ಅಡ್ಡವಿಟ್ಟು ಕೆಡಿಸುವುದು ಶರಣರ ಮಕ್ಕಳಿಗೆ ಶೋಭಿಸುವುದಿಲ್ಲ.

ಆಚರಣೆಗೆ ಕೆಲವು ಸೂಚನೆಗಳು

ವಿಚಾರ ಆಚಾರಕ್ಕೆ ಇಳಿಯದಿದ್ದರೆ ವ್ಯರ್ಥ. ಆದುದರಿಂದ ಸಂಸಾರಸ್ಥರಿಗೆ ನೆರವಾಗಬಹುದಾದ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು: ಒಳಗೆ ಹೋದೊಡನೆ ಎಲ್ಲರೂ ಕುರ್ಚಿಗೆ ಧಾವಿಸಬೇಡಿರಿ. ಹಿರಿಯರನ್ನೂ ಕೂಸಿನ ತಾಯಿಯನ್ನೂ ಕೂರಿಸಿ, ಅವರಿಗೆ ಒಬ್ಬರು ಜೊತೆಯಿರಲಿ. ಉಳಿದವರು ಸಾಲಿನಲ್ಲಿದ್ದು ತಟ್ಟೆಗಳನ್ನು ಹಂಚಿಕೊಂಡು ತರಲಿ. ಸಂಸಾರದವರೆಲ್ಲ ಒಂದೇ ಮೇಜಿನಲ್ಲಿ ಕೂರಬೇಕೆಂಬ ಹಟ ಜನಸಂದಣಿಯ ವೇಳೆಯಲ್ಲಿ ಬೇಡ. ಹದಿನೈದು ನಿಮಿಷ ಎರಡು ಮೇಜುಗಳಲ್ಲಿ ಕುಳಿತರೆ ಯಾವ ಸಂಸಾರವೂ ಒಡೆಯುವುದಿಲ್ಲ.

ಎರಡನೆಯದು: ಹಿರಿಯರ ಜೊತೆಯಲ್ಲಿದ್ದು ಪಕ್ಕದ ಕುರ್ಚಿಯನ್ನು ನೋಡಿಕೊಳ್ಳುತ್ತಿರುವಾಗ ಯಾರಾದರೂ ತಟ್ಟೆ ಹಿಡಿದು ಬಂದರೆ, 'ಕೂತ್ಕೊಳ್ಳಿ, ನಮ್ಮವರು ಬರೋದು ಇನ್ನೂ ಹೊತ್ತಾಗುತ್ತೆ' ಎಂದು ನೀವೇ ಕರೆಯಿರಿ. ಅವರು ಉಂಡು ಏಳುವ ಹೊತ್ತಿಗೆ ನಿಮ್ಮವರ ತಟ್ಟೆ ಬಂದಿರುತ್ತದೆ. ಒಂದೇ ಕುರ್ಚಿಯಲ್ಲಿ ಇಬ್ಬರ ಹಸಿವು ತೀರುತ್ತದೆ.

ಮೂರನೆಯದು: ತಟ್ಟೆ ಹಿಡಿದು ನಿಂತವರಿಗೂ ಧರ್ಮವುಂಟು. ಇತರರ ಚೀಲವನ್ನು ಸರಿಸಿ ಕೂರುವುದಾಗಲಿ, 'ಇದೇನು ನಿಮ್ಮಪ್ಪನ ಮನೆಯೇ' ಎಂದು ಸಿಡುಕುವುದಾಗಲಿ ಸಲ್ಲದು. 'ಇಲ್ಲಿ ಯಾರಾದರೂ ಇದ್ದಾರೆಯೇ, ಅಮ್ಮಾ?' ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಚೀಲವನ್ನು ತಾವೇ ತೆಗೆಯುತ್ತಾರೆ. ತೆಗೆಯದಿದ್ದರೆ ಮುಂದಕ್ಕೆ ಹೋಗಿರಿ. ತಿಂಡಿಯ ತಟ್ಟೆ ಹಿಡಿದುಕೊಂಡು ಮಾಡಿದ ಜಗಳದಿಂದ ತಿಂಡಿಯೂ ಆರುತ್ತದೆ, ಬಾಯಿಯೂ ಕೆಡುತ್ತದೆ.

ನಾಲ್ಕನೆಯದು: ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಅವರ ಕೊನೆಯ ತುತ್ತನ್ನು ಎಣಿಸಬಾರದು. ಕಲ್ಯಾಣ ಮಂಟಪಗಳಲ್ಲಿ ಈ ದೃಶ್ಯ ಸಾಮಾನ್ಯವಾಗಿದೆ. ಪಾಯಸ ಉಣ್ಣುತ್ತಿರುವ ಹಿರಿಯರ ಕುರ್ಚಿಯ ಹಿಂಬದಿಗೆ ಮುಂದಿನ ಪಂಕ್ತಿಯವರು ಕೈಯಿಟ್ಟು ನಿಂತಿರುತ್ತಾರೆ. ಹಾಗೆ ನಿಂತವರ ಕಣ್ಣಿನ ಭಾರ ಉಣ್ಣುವವರ ಗಂಟಲಿಗೆ ತಾಗುತ್ತದೆ. ಮದುವೆ ಮಾಡುವವರು ಒಂದು ಪಂಕ್ತಿ ಎದ್ದು ಮೇಜು ಒರೆಸುವ ತನಕ ಮುಂದಿನವರನ್ನು ಹೊರಗೆ ಕೂರಿಸುವ ಏರ್ಪಾಡು ಮಾಡಿದರೆ, ಅದು ಅತಿಥಿಗಳಿಗೆ ಮಾಡಿದ ದೊಡ್ಡ ಸತ್ಕಾರ.

ಐದನೆಯದು: ತಿಂದಾದ ಮೇಲೆ ಏಳಿರಿ. ಹರಟೆಗೆ, ಮೊಬೈಲಿಗೆ, ಲೆಕ್ಕ ಹಾಕುವುದಕ್ಕೆ ಬೇರೆ ಸ್ಥಳಗಳಿವೆ. ಜಾಗ ಹಿಡಿಯುವವರು ಊಟಕ್ಕೆ ಮೊದಲು ಹತ್ತು ನಿಮಿಷ ಕದ್ದರೆ, ಏಳದೆ ಕೂರುವವರು ಊಟದ ಅನಂತರ ಹತ್ತು ನಿಮಿಷ ಕದಿಯುತ್ತಾರೆ. ಲೆಕ್ಕಕ್ಕೆ ಎರಡೂ ಒಂದೇ. ಏಳುವಾಗ ತಟ್ಟೆ ಲೋಟಗಳನ್ನು ಅದಕ್ಕೆಂದೇ ಇಟ್ಟಿರುವ ತೊಟ್ಟಿಗೆ ಹಾಕಿರಿ. ಮೇಜು ಒರೆಸುವ ಹುಡುಗನ ಕಾಯಕಕ್ಕೆ ನೀವು ತೋರುವ ಗೌರವ ಅದು. ಮುಂದೆ ಬರುವವರಿಗೆ ಮಾಡುವ ದಾಸೋಹವೂ ಹೌದು.

ಹೋಟೆಲಿನ ಮಾಲೀಕರಿಗೂ ಒಂದು ವಿನಂತಿಯುಂಟು. ನಮ್ಮ ಸಮಾಜದ ಬಂಧುಗಳಲ್ಲಿ ಈ ಉದ್ಯಮದಲ್ಲಿರುವವರು ಅನೇಕರಿದ್ದಾರೆ. ನಾಲ್ಕಾರು ಕುರ್ಚಿಗಳನ್ನು ಹಿರಿಯರಿಗೆ, ಅಂಗವಿಕಲರಿಗೆ, ಕೂಸಿನ ತಾಯಂದಿರಿಗೆ ಎಂದು ಬರೆದು ಮೀಸಲಿಡಿರಿ. ಅವರ ತಟ್ಟೆಯನ್ನು ಮೇಜಿಗೇ ತಂದುಕೊಡಲು ಒಬ್ಬರನ್ನು ನೇಮಿಸಿರಿ. ಉಳಿದ ಕಡೆ 'ತಿಂಡಿ ಪಡೆದ ಮೇಲೆ ಕುಳಿತುಕೊಳ್ಳಿರಿ' ಎಂಬ ಒಂದು ಸಾಲಿನ ಫಲಕ ಹಾಕಿರಿ. 'ಕೈ ತೊಳೆಯಬೇಡಿ', 'ಹೆಚ್ಚು ಹೊತ್ತು ಕೂರಬೇಡಿ' ಎಂಬ ಬೇಡಗಳ ನಡುವೆ, ಏನು ಮಾಡಬೇಕೆಂದು ಹೇಳುವ ಒಂದು ಫಲಕವಿದ್ದರೆ ಜನ ಸಂತೋಷದಿಂದ ಪಾಲಿಸುತ್ತಾರೆ. ಅಶಕ್ತರಿಗೆ ಆಸನ ಖಚಿತವಾದರೆ, ಜಾಗ ಹಿಡಿಯುವುದಕ್ಕಿರುವ ಒಂದೇ ಒಂದು ನ್ಯಾಯವಾದ ಕಾರಣವೂ ತಾನಾಗಿ ಇಲ್ಲವಾಗುತ್ತದೆ.

ದಾಸೋಹವೆಂದರೆ ಮಠದಲ್ಲಿ ಸಾವಿರಾರು ಜನಕ್ಕೆ ಅನ್ನ ಬಡಿಸುವುದೆಂದು ಮಾತ್ರ ನಾವು ಅರ್ಥಮಾಡಿಕೊಂಡಿದ್ದೇವೆ. ಅಷ್ಟು ದೊಡ್ಡ ದಾಸೋಹಕ್ಕೆ ದೊಡ್ಡ ಶಕ್ತಿ ಬೇಕು, ಮಹಾನುಭಾವರು ಬೇಕು. ಆದರೆ ಹಸಿದು ನಿಂತ ಅಪರಿಚಿತರೊಬ್ಬರಿಗೆ ಹದಿನೈದು ನಿಮಿಷ ಕುಳಿತು ಉಣ್ಣುವ ಸ್ಥಳವನ್ನು ಬಿಟ್ಟುಕೊಡಲು ಹಣ ಬೇಡ, ಅಧಿಕಾರ ಬೇಡ, ಪಾಂಡಿತ್ಯವೂ ಬೇಡ. ಕುರ್ಚಿಯ ಮೇಲಿನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಸಾಕು. ನಿಮ್ಮ ಮಕ್ಕಳು ನಿಮಗಿಂತ ಮೊದಲು ಅದಕ್ಕೆ ಕೈಹಾಕಿದರೆ ತಡೆಯಬೇಡಿರಿ.